ಕಲ್ಲು ಕಾಣುವ ಜಾಗದಲ್ಲಿ ನಿಲ್ಲಿ: ರಾಯಚೂರಿನಲ್ಲಿ ಊರು ತೋರಿಸುವ ನಡಿಗೆ

ಮೂವತ್ತೊಂದು ವರ್ಷ ನಾನು ಮಾಡಿದ್ದು ಮೋಜಣಿ ಕೆಲಸ. ಬದುವಿನ ಮೇಲೆ ಸರಪಳಿ ಎಳೆಯುವುದು, ಮುಳ್ಳುಕಂಟಿಯಲ್ಲಿ ಗಡಿಕಲ್ಲು ಹುಡುಕುವುದು, ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಗುಂಟೆ ಲೆಕ್ಕ ಬರೆಯುವುದು. ರಿಟೈರ್ ಆದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಬೆಂಗಳೂರಿನಿಂದ ಬಂದ ಬೀಗರಿಗೆ ಒಂದು ಬೆಳಿಗ್ಗೆ ಕೋಟೆ ತೋರಿಸಿದೆ. ಅವರು ಇನ್ನೊಬ್ಬರಿಗೆ ಹೇಳಿದರು. ಈಗ ಚಳಿಗಾಲ ಬಂತೆಂದರೆ ತಿಂಗಳಿಗೆ ಮೂರು ನಾಲ್ಕು ನಡಿಗೆ ಆಗುತ್ತವೆ.

ಜನರನ್ನೆಲ್ಲ ಕರೆದು ಮಾಡಿದ ಮೊದಲ ನಡಿಗೆ ಹೇಗಿತ್ತು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮಾರ್ಚ್ ತಿಂಗಳು, ಬೆಳಿಗ್ಗೆ ಒಂಬತ್ತೂವರೆ, ಹದಿನಾಲ್ಕು ಜನ. ಬಸ್‌ಸ್ಟ್ಯಾಂಡ್ ಹತ್ತಿರ ರಸ್ತೆ ಬದಿಯಲ್ಲಿ ನಿಲ್ಲಿಸಿ 1520ರ ಯುದ್ಧ ಶುರು ಮಾಡಿದೆ. ಕೈಯಲ್ಲಿ ನಾಲ್ಕು ಹಾಳೆ ಬರೆದುಕೊಂಡಿದ್ದೆ, ನಾಲ್ಕೂ ಓದಿದೆ. ಇಪ್ಪತ್ತೈದು ನಿಮಿಷ. ಒಂದು ಬಸ್ಸು ಹಾರ್ನ್ ಹೊಡೆದರೆ ನಾನು ಇನ್ನೂ ಜೋರಾಗಿ ಓದುತ್ತಿದ್ದೆ. ತಲೆ ಎತ್ತಿದಾಗ ಆರು ಜನ ಉಳಿದಿದ್ದರು. ಹೋದವರಲ್ಲಿ ನನ್ನ ಹೆಂಡತಿಯೂ ಇದ್ದಳು. ಎದುರಿನ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದಳು.

ಮನೆಗೆ ಬಂದು ಕೇಳಿದೆ. ಅವಳು ಹೇಳಿದ್ದು ಒಂದೇ ಮಾತು: "ಹೊಲದಾಗ ಕಲ್ಲು ಕಾಣ್ಲಾರದ ಅಳತಿ ಬರದೀರೇನು ಎಂದಾರ? ಇಲ್ಲಿ ಯಾಕ ಹಂಗ ಮಾಡೀರಿ?"

ನಿಜ. ನಾವು ನಿಂತ ಜಾಗದಿಂದ ಕೋಟೆಯ ಒಂದು ಕಲ್ಲೂ ಕಾಣುತ್ತಿರಲಿಲ್ಲ. ಅವತ್ತಿನಿಂದ ನಾನು ನಡಿಗೆ ಕಟ್ಟುವುದು ಇದೊಂದೇ ಲೆಕ್ಕದ ಮೇಲೆ: ನಿಂತ ಜಾಗದಿಂದ ಕಾಣದ್ದನ್ನು ಹೇಳುವುದಿಲ್ಲ. ಎಷ್ಟೇ ಒಳ್ಳೆಯ ಕಥೆಯಾದರೂ, ಅದಕ್ಕೆ ತೋರಿಸಲು ಏನೂ ಇಲ್ಲದಿದ್ದರೆ ಅದು ಚಾ ಅಂಗಡಿಯ ಮಾತಿಗೆ ಉಳಿಯಲಿ. ಈ ನಿಯಮ ಹಾಕಿಕೊಂಡ ದಿನ ನನ್ನ ನಾಲ್ಕು ಹಾಳೆಯಲ್ಲಿ ಮೂರು ಹೋದವು.

ಒಂದು ಎಳೆ ಹಿಡಿಯಿರಿ

ಊರಿನ ಎಲ್ಲ ಸಂಗತಿಯನ್ನೂ ಎರಡು ತಾಸಿನಲ್ಲಿ ಹೇಳಲು ಹೋಗಬೇಡಿ. ಕೃಷ್ಣಾ, ತುಂಗಭದ್ರಾ ನಡುವಿನ ಎಡೆದೊರೆ ನಾಡು ನಮ್ಮದು. ಇದಕ್ಕಾಗಿ ಬಡಿದಾಡದ ರಾಜರೇ ಇಲ್ಲ ಅನ್ನಬೇಕು. 1853ರಲ್ಲಿ ನಿಜಾಮರು ಇದನ್ನು ಬ್ರಿಟಿಷರ ಕೈಗೆ ಕೊಟ್ಟರು, 1860ರಲ್ಲಿ ವಾಪಸ್ ಬಂತು, 1948ರಲ್ಲಿ ನಿಜಾಮರ ಆಳ್ವಿಕೆಯೂ ಮುಗಿಯಿತು, 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಇಷ್ಟನ್ನು ಸಾಲಾಗಿ ಹೇಳಿದರೆ ಕೇಳುವವರ ಕಣ್ಣು ಮೊಬೈಲಿಗೆ ಹೋಗುತ್ತದೆ. ಅವರ ತಪ್ಪಲ್ಲ.

ನಾನು ಹಿಡಿದ ಎಳೆ ಕಲ್ಲು. ಸರ್ವೇಯರ್‌ಗೆ ಕಲ್ಲು ಬಿಟ್ಟರೆ ಬೇರೇನು ಗೊತ್ತು ಅಂತ ಗೆಳೆಯರು ನಗುತ್ತಾರೆ. ಇರಲಿ. ನೀವು ಅಡುಗೆ ಬಲ್ಲವರಾದರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ, ಖಡಕ್ ರೊಟ್ಟಿಯ ನಡಿಗೆ ಮಾಡಿ. ಹತ್ತಿ ವ್ಯಾಪಾರ ಗೊತ್ತಿದ್ದರೆ ಅದನ್ನೇ ತೋರಿಸಿ. ನಿಮಗೆ ಚೆನ್ನಾಗಿ ಗೊತ್ತಿರುವ ಕಸುಬಿನ ಕಣ್ಣಿಂದ ಊರು ನೋಡಿದರೆ, ಪುಸ್ತಕ ಓದಿ ಬಂದವರಿಗೆ ಕಾಣದ್ದು ನಿಮಗೆ ಕಾಣುತ್ತದೆ.

ನನ್ನ ನಡಿಗೆ ಶುರುವಾಗುವುದು ಕೋಟೆಯ ಪಶ್ಚಿಮದ ಒಳಗೋಡೆಯಲ್ಲಿರುವ ಒಂದು ಉದ್ದನೆಯ ಕಲ್ಲಿನಿಂದ. ಅಲ್ಲಿ ಹೋದ ಕೂಡಲೇ ನಾನು ಮಾತಾಡುವುದಿಲ್ಲ. ಎರಡು ಮೂರು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಹೊಸದಾಗಿ ನಡಿಗೆ ಮಾಡುವವರಿಗೆ ಇದೇ ಕಷ್ಟ. ಮೌನ ಬಂತೆಂದರೆ ತುಂಬಿಸಬೇಕು ಅನ್ನಿಸುತ್ತದೆ. ತುಂಬಿಸಬೇಡಿ. ಜನ ತಾವಾಗೇ ಹತ್ತಿರ ಹೋಗುತ್ತಾರೆ, ಬೆರಳು ತೋರಿಸುತ್ತಾರೆ, "ಇದು ಒಂದೇ ಕಲ್ಲೇನ್ರಿ?" ಅಂತ ಕೇಳುತ್ತಾರೆ. ಆ ಪ್ರಶ್ನೆ ಬಂದ ಮೇಲೆ ನನ್ನ ಕೆಲಸ ಶುರು.

ಚೀಲದಿಂದ ಹಗ್ಗ ತೆಗೆಯುತ್ತೇನೆ. ನಮ್ಮ ಹಳೇ ಮೋಜಣಿ ಸರಪಳಿ 33 ಅಡಿ, ಅದಕ್ಕೆ ಹದಿನಾರು ಭಾಗ, ಒಂದೊಂದು ಭಾಗಕ್ಕೆ ಆಣೆ ಅನ್ನುತ್ತೇವೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅದೇ ಅಳತೆಗೆ ಹಗ್ಗಕ್ಕೆ ಗಂಟು ಹಾಕಿಟ್ಟಿದ್ದೇನೆ. ಇಬ್ಬರು ಹುಡುಗರ ಕೈಗೆ ಕೊಟ್ಟು, ಗೋಡೆ ಮುಟ್ಟದೆ ನೆಲದ ಮೇಲೆ ಎಳೆಸುತ್ತೇನೆ. ಹಗ್ಗ ಮುಗಿಯುತ್ತದೆ, ಕಲ್ಲು ಮುಗಿಯುವುದಿಲ್ಲ. 41 ಅಡಿ ಮೇಲೇ ಇದೆ ಅದು. "ನಲವತ್ತೊಂದು ಅಡಿ" ಅಂತ ನಾನು ಬಾಯಲ್ಲಿ ಹೇಳಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಹಗ್ಗ ಸಾಲದೆ ಹೋದಾಗ ಎಲ್ಲರೂ ಓ ಅನ್ನುತ್ತಾರೆ.

ಆಮೇಲೆ ತೂಕ. ಒಂದು ಘನ ಅಡಿ ಕಗ್ಗಲ್ಲು ಸುಮಾರು 75 ಕೆಜಿ ಬರುತ್ತದೆ. ಇಷ್ಟು ಮಾತ್ರ ಹೇಳಿ, ಅಗಲ ದಪ್ಪ ನೀವೇ ಅಂದಾಜು ಮಾಡಿ ಅನ್ನುತ್ತೇನೆ. ಒಂದು ಗುಂಪು ಹತ್ತು ಟನ್ ಅನ್ನುತ್ತದೆ, ಇನ್ನೊಂದು ಹದಿನೈದು. ಜಗಳ ಆಗಲಿ ಬಿಡಿ. "ಹಾಗಾದರೆ ಇದನ್ನು ಇಲ್ಲಿಗೆ ತಂದಿದ್ದು ಹೇಗೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುವುದು ನಾನಲ್ಲ, ಗೋಡೆಯೇ. ಬಂಡಿಯ ಮೇಲೆ ಉದ್ದನೆಯ ಕಲ್ಲು, ಅದನ್ನು ಎಳೆಯುವ ಜೋಡಿ ಜೋಡಿ ಪ್ರಾಣಿಗಳ ಸಾಲು, ಹೊಡೆಯುವ ಜನ, ಎಲ್ಲವನ್ನೂ ಅಲ್ಲೇ ಗೆರೆಯಲ್ಲಿ ಕೊರೆದಿದ್ದಾರೆ. ಎತ್ತೋ ಕೋಣವೋ ಅನ್ನುವುದು ನನ್ನ ನಡಿಗೆಯ ಕಾಯಂ ವಾದ. ಒಕ್ಕಲುತನದ ಮನೆಯಿಂದ ಬಂದವರು ಕೊಂಬು ನೋಡಿ ತೀರ್ಪು ಕೊಡುತ್ತಾರೆ. ಪ್ರತಿ ಸಲ ಬೇರೆ ತೀರ್ಪು.

ಇಷ್ಟೆಲ್ಲ ಆದ ಮೇಲೆ ಇಸವಿ. 1294. ಕಾಕತೀಯರ ಕಾಲ. ಕಟ್ಟಿಸಿದವನು ಗೋರೆ ಗಂಗಯ್ಯ ರೆಡ್ಡಿ ಅಂತ ಶಾಸನವೇ ಹೇಳುತ್ತದೆ. ಶಾಸನ ತೆಲುಗಿನಲ್ಲಿದೆ. ಗದ್ವಾಲ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಹಳೇ ಲಿಪಿ, ಓದಲು ಸುಲಭವಲ್ಲ. ಆದರೂ ಅಕ್ಷರ ಅಕ್ಷರ ಹುಡುಕುತ್ತಾ ಹತ್ತು ನಿಮಿಷ ನಿಂತರು. ನಾನು ಕಾಯಲು ಹೇಳಿದೆ, ಎಲ್ಲರೂ ಕಾದರು. ಒಂದು ಅಕ್ಷರ ಹೊಂದಿತು ಅಂದಾಗ ಅವರ ಮುಖ ನೋಡಬೇಕಿತ್ತು. ಇಸವಿಯನ್ನು ಮೊದಲು ಹೇಳಬೇಡಿ, ಕೊನೆಗೆ ಹೇಳಿ ಅನ್ನುವುದು ಇದಕ್ಕೇ. ಆಶ್ಚರ್ಯ ಆದ ಮೇಲೆ ಬಂದ ಇಸವಿ ತಲೆಯಲ್ಲಿ ಉಳಿಯುತ್ತದೆ.

ಅಲ್ಲಿಂದ ಹೊರಡುವ ಮೊದಲು ಇನ್ನೊಂದು ಮಾತು. ಕಾರ ಹುಣ್ಣಿಮೆ ಸುಮಾರಿಗೆ ನಮ್ಮ ಊರಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯ ನಡೆಯುತ್ತದೆ. ನೋಡಿದವರು ಗುಂಪಿನಲ್ಲಿ ಇದ್ದೇ ಇರುತ್ತಾರೆ. ಅವರಿಗೇ ಹೇಳಲು ಬಿಡಿ. ಏಳು ನೂರು ವರ್ಷದ ಹಿಂದಿನ ಗೆರೆಚಿತ್ರದ ಮುಂದೆ ನಿಂತು, ಹೋದ ವರ್ಷದ ಎತ್ತಿನ ಕಥೆ ಕೇಳುವುದಿದೆಯಲ್ಲ, ಅದನ್ನು ನಾನು ಎಷ್ಟು ಬರೆದುಕೊಂಡು ಹೋದರೂ ಕೊಡಲಾರೆ.

ಯುದ್ಧವನ್ನು ಎಲ್ಲಿ ಹೇಳಬೇಕು

ಈಗ ನನ್ನನ್ನು ಮುಳುಗಿಸಿದ 1520. ಕೃಷ್ಣದೇವರಾಯನಿಗೂ, ಕೋಟೆ ಹಿಡಿದಿದ್ದ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾಗೂ ನಡೆದ ಯುದ್ಧ. ಸೈನ್ಯದ ಲೆಕ್ಕ, ಆನೆಯ ಲೆಕ್ಕ ಎಲ್ಲ ಬಿಟ್ಟುಬಿಟ್ಟೆ. ಕೋಟೆ ಗೋಡೆಯ ಬುಡದಲ್ಲಿ, ತಲೆ ಎತ್ತಿದರೆ ಕತ್ತು ನೋಯುವಂಥ ಜಾಗದಲ್ಲಿ ನಿಲ್ಲಿಸಿ ಎರಡೇ ಸಂಗತಿ ಹೇಳುತ್ತೇನೆ. ಎರಡೂ ನೂನಿಜ್ ಅನ್ನುವ ಪೋರ್ಚುಗೀಸ್ ಕುದುರೆ ವ್ಯಾಪಾರಿ ಬರೆದಿಟ್ಟದ್ದು. ಮೊದಲನೆಯದು: ರಾಯನ ಕಡೆಯವರು ಹಾರೆ, ಗುದ್ದಲಿ ಹಿಡಿದು ಗೋಡೆ ಕೆಡವಲು ಹೋಗುತ್ತಿದ್ದರು, ಮೇಲಿನಿಂದ ಏಟು ತಿಂದು ಸಾಯುತ್ತಿದ್ದರು. ಆಗ ದಳಪತಿಗಳು ಕಿತ್ತು ತಂದ ಕಲ್ಲಿಗೆ ದುಡ್ಡು ಕಟ್ಟಿದರು. ಕಲ್ಲಿನ ಗಾತ್ರ ನೋಡಿ 10ರಿಂದ 50 ಹಣದವರೆಗೆ. ಹಣ ಅಂದರೆ ಆಗಿನ ಒಂದು ನಾಣ್ಯ. ಎರಡನೆಯದು: ಕ್ರಿಸ್ಟೋವಾವ್ ಡಿ ಫಿಗೆರೆಡೊ ಅನ್ನುವವನು ಇಪ್ಪತ್ತು ಬಂದೂಕಿನವರ ಜೊತೆ ಬಂದಿದ್ದ. ಅವರು ಮೇಲೆ ತಲೆ ತೋರಿಸಿದವರಿಗೆ ಗುಂಡು ಹೊಡೆದರು. ಕೋಟೆಯ ಅಧಿಕಾರಿಯೇ ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ಬಿದ್ದು ಸತ್ತ. ಊರು ರಾಯನಿಗೆ ಶರಣಾಯಿತು.

ಆಮೇಲೆ ಮಕ್ಕಳಿಗೆ ಹೇಳುತ್ತೇನೆ: ಹತ್ತು ಹಣದ ಕಲ್ಲು ಯಾವುದು, ಐವತ್ತು ಹಣದ್ದು ಯಾವುದು, ದೂರದಿಂದಲೇ ಬೆರಳು ಮಾಡಿ ತೋರಿಸಿ. ದೊಡ್ಡವರೂ ಹುಡುಕಲು ಶುರು ಮಾಡುತ್ತಾರೆ. "ಆ ಕಲ್ಲು ಕೀಳಾಕ ನನಗ ಐನೂರು ಕೊಟ್ಟರೂ ಹೋಗಂಗಿಲ್ಲ" ಅಂತ ಒಬ್ಬ ಗೌಂಡಿ ಹೇಳಿದ್ದ. ಅವನಿಗೆ ಕಲ್ಲಿನ ಕೆಲಸ ಗೊತ್ತು. ಅವನ ಮಾತು ಈಗ ನನ್ನ ನಡಿಗೆಯ ಭಾಗ.

ಒಂದು ನಿಲುಗಡೆಯಲ್ಲಿ ಐದಾರು ನಿಮಿಷಕ್ಕಿಂತ ಜಾಸ್ತಿ ನೀವೇ ಮಾತಾಡಬೇಡಿ. ಉಳಿದದ್ದು ಅವರ ಮಾತು, ನೋಟ, ವಾದ.

ದಾರಿಯನ್ನು ಮೂರು ಸಲ ನಡೆಯಿರಿ

ಮೊದಲ ಸಲ ಒಬ್ಬರೇ. ನೋಟ್‌ಬುಕ್ ಇರಲಿ. ಹೆಜ್ಜೆ ಎಣಿಸಿ. ಎಲ್ಲಿ ನೆರಳಿದೆ, ಎಲ್ಲಿ ಹದಿನೈದು ಜನ ರಸ್ತೆ ಬಿಟ್ಟು ನಿಲ್ಲಬಹುದು, ಎಲ್ಲಿ ಚರಂಡಿ ತೆರೆದಿದೆ, ಎಲ್ಲಿ ನಾಯಿಗಳ ಕಾಟ, ಎಲ್ಲ ಬರೆಯಿರಿ. ನನ್ನ ಪೂರ್ತಿ ದಾರಿ ಎರಡೂವರೆ ಕಿಲೋಮೀಟರ್ ದಾಟುವುದಿಲ್ಲ. ಒಬ್ಬನೇ ಆದರೆ ಅರ್ಧ ತಾಸು, ಗುಂಪಿನ ಜೊತೆ ಎರಡು ತಾಸು ಮೇಲೇ ಆಗುತ್ತದೆ.

ಎರಡನೇ ಸಲ, ನಡಿಗೆ ಇಡುವ ಅದೇ ವಾರ, ಅದೇ ಹೊತ್ತಿಗೆ. ಮಂಗಳವಾರ ಖಾಲಿ ಇದ್ದ ಓಣಿ ಭಾನುವಾರ ತಳ್ಳುಗಾಡಿಯಿಂದ ತುಂಬಿರುತ್ತದೆ. ಒಮ್ಮೆ ನಾನು ಹೀಗೆ ನೋಡದೆ ಹೋಗಿ, ಬೀಗ ಹಾಕಿದ ಬಾಗಿಲ ಮುಂದೆ ಇಪ್ಪತ್ತು ಜನರ ಜೊತೆ ನಿಂತಿದ್ದೆ. ಕೀಲಿ ಇದ್ದವರು ಮದುವೆಗೆ ಹೋಗಿದ್ದರು. ತಪ್ಪು ನನ್ನದೇ, ಹಿಂದಿನ ದಿನ ಒಂದು ಫೋನ್ ಮಾಡಬೇಕಿತ್ತು.

ಮೂರನೇ ಸಲ, ನಿಮಗೆ ಗೊತ್ತಿರುವ ಅತಿ ವಯಸ್ಸಾದವರ ಜೊತೆ. ನಾನು ನನ್ನ ಅಕ್ಕನನ್ನು ಕರೆದುಕೊಂಡು ಹೋದೆ. ಎರಡೂ ಮೊಣಕಾಲು ನೋವು ಅವಳಿಗೆ. ಅವಳು ಎಲ್ಲೆಲ್ಲಿ ಕೂತಳೋ ಅದೇ ನನ್ನ ನಿಲುಗಡೆಗಳಾದವು. ಒಂದು ಕಡೆ ಕೂರಲು ಏನೂ ಇರಲಿಲ್ಲ, ಆ ನಿಲುಗಡೆಯನ್ನೇ ತೆಗೆದುಹಾಕಿದೆ. ಬಚ್ಚಲಿಗೆ ಎಲ್ಲಿ ಹೋಗಬೇಕು ಅಂತ ಕೇಳಿದವಳೂ ಅವಳೇ. ಗಂಡಸರು ನಡಿಗೆ ಕಟ್ಟಿದರೆ ಇದನ್ನು ಮರೆಯುತ್ತಾರೆ. ನಡಿಗೆ ಶುರುವಾಗುವ ಮೊದಲೇ, ನಡುವೆ ಒಂದು ಕಡೆ, ಹೆಂಗಸರಿಗೆ ಸರಿಯಾದ ವ್ಯವಸ್ಥೆ ಇರಲೇಬೇಕು. ನಾನು ಒಂದು ಖಾನಾವಳಿಯವರ ಹತ್ತಿರ ಮಾತಾಡಿಟ್ಟಿದ್ದೇನೆ. ಬದಲಿಗೆ ಎಲ್ಲರ ಚಾ ಅಲ್ಲೇ.

ಬಿಸಿಲಿನ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿ ನಮ್ಮ ಕಾಲ. ಏಳಕ್ಕೆ ಶುರು, ಒಂಬತ್ತೂಕಾಲಿಗೆ ತಟ್ಟೆ ಮುಂದೆ. ಮಾತಾಡುವಾಗ ಸೂರ್ಯ ನಿಮ್ಮ ಮುಖಕ್ಕೆ ಹೊಡೆಯಲಿ, ಅವರ ಬೆನ್ನಿಗಿರಲಿ. ಕಣ್ಣು ಕಿರಿದು ಮಾಡಿಕೊಂಡು ಯಾರೂ ಜಾಸ್ತಿ ಹೊತ್ತು ಕೇಳುವುದಿಲ್ಲ.

ಗುಂಪು ಹದಿನೈದು ದಾಟದಿರಲಿ. ಕೊನೆಯಲ್ಲಿ ನಡೆಯಲು ನಿಮ್ಮವರೇ ಒಬ್ಬರು ಇರಲಿ. ನಮ್ಮಲ್ಲಿ ಆ ಕೆಲಸ ಹೆಂಡತಿಯದು, ಈಗ ಚಾ ಕುಡಿಯಲು ಹೋಗುವುದಿಲ್ಲ. ಅವಳು ಬಂದು ಸೇರುವವರೆಗೆ ನಾನು ಬಾಯಿ ತೆಗೆಯುವುದಿಲ್ಲ. ಹಿಂದೆ ಉಳಿದವರು ಪ್ರತಿ ನಿಲುಗಡೆಗೂ ಅರ್ಧ ಕಥೆಗೆ ಬಂದರೆ, ಮೂರನೇ ನಿಲುಗಡೆ ಹೊತ್ತಿಗೆ ಅವರು ಮನಸ್ಸಲ್ಲೇ ಮನೆಗೆ ಹೋಗಿರುತ್ತಾರೆ.

ಜನ ಇರುವ ಕೋಟೆ

ನಮ್ಮ ಕೋಟೆ ಖಾಲಿ ಕೋಟೆಯಲ್ಲ. ಒಳಗೆ ಮನೆ ಇವೆ, ಅಂಗಡಿ ಇವೆ, ಮಕ್ಕಳು ಶಾಲೆಗೆ ಹೊರಟಿರುತ್ತಾರೆ. ಅಂದ್ರೂನ್ ಕಿಲ್ಲಾ, ಬೇರೂನ್ ಕಿಲ್ಲಾ ಅಂತ ಬಡಾವಣೆಯ ಹೆಸರುಗಳೇ ಹಾಗಿವೆ: ಕೋಟೆಯ ಒಳಗು, ಕೋಟೆಯ ಹೊರಗು. ಯಾವುದಾದರೂ ಅಂಗಡಿಯ ಬೋರ್ಡಿನಲ್ಲಿ ಆ ವಿಳಾಸ ಓದಿಸಿ, ಅರ್ಥ ಕೇಳಿ. ಉರ್ದು ಬಲ್ಲವರು ಥಟ್ಟನೆ ಹೇಳುತ್ತಾರೆ. ಇಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಮಾತಿನಲ್ಲಿ ಬೆರೆತು ಬರುತ್ತವೆ. ನಡಿಗೆ ಕನ್ನಡದಲ್ಲಿ ನಡೆಸಿ, ಆದರೆ ಯಾರಾದರೂ ಬೇರೆ ಭಾಷೆಯಲ್ಲಿ ಉತ್ತರ ಕೊಟ್ಟರೆ ತಡೆಯಬೇಡಿ.

ಮನೆ ಬಾಗಿಲ ಮುಂದೆ ಗುಂಪು ನಿಲ್ಲಿಸಬೇಡಿ. ಅಂಗಳ ಸಾರಿಸುವವರ, ನೀರು ಹಿಡಿಯುವವರ ಫೋಟೋ ಕೇಳದೆ ತೆಗೆಯಬೇಡಿ ಅಂತ ಶುರುವಿನಲ್ಲೇ ಹೇಳಿ. ಒಬ್ಬ ಅವ್ವ ಮೊದಲ ವರ್ಷ ನನ್ನನ್ನು ನಿಲ್ಲಿಸಿ, "ಏನ್ರಿ, ದಿನಾ ಬಂದು ನಮ್ಮ ಗ್ವಾಡಿ ಏನ್ ನೋಡ್ತೀರಿ? ನಮಗೂ ಹೇಳ್ರಿ" ಅಂದರು. ಹೇಳಿದೆ. ಈಗ ಅವರೇ ಕಟ್ಟೆಯ ಮೇಲೆ ಕೂತು, ತಾವು ಮದುವೆಯಾಗಿ ಬಂದಾಗ ಈ ಓಣಿ ಹೇಗಿತ್ತು ಅಂತ ಐದು ನಿಮಿಷ ಮಾತಾಡುತ್ತಾರೆ. ಕೆಲವೊಮ್ಮೆ ಹದಿನೈದು. ಕೇಳುವವರು ಅವರ ಮಾತಿಗೆ ನಗುವಷ್ಟು ನನ್ನ ಮಾತಿಗೆ ನಕ್ಕಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಇದೆ, ಅಡಗಿಸಿಟ್ಟಿದ್ದೇನೆ.

ಏಕ್ ಮಿನಾರ್ ಮಸೀದಿಯ ಹತ್ತಿರ ಇನ್ನೂ ಹುಷಾರು. ಹಿಂದಿನ ದಿನವೇ ಅಲ್ಲಿನ ಹಿರಿಯರನ್ನು ಕೇಳಿ, ನಮಾಜಿನ ಹೊತ್ತು ತಿಳಿದುಕೊಂಡು, ಒಳಗೆ ಹೋಗುವುದೋ ಹೊರಗಿಂದ ನೋಡುವುದೋ ಅಂತ ನಿರ್ಧರಿಸಿ. ಹೆಂಗಸರಿಗೆ ಒಂದು, ಗಂಡಸರಿಗೆ ಒಂದು ಆಗುವುದಾದರೆ ಎಲ್ಲರೂ ಹೊರಗೇ ನಿಲ್ಲಿ. ಹೊರಗಿಂದಲೇ ಬೇಕಾದಷ್ಟು ಕೆಲಸವಿದೆ. ಮಿನಾರಿನ ಎತ್ತರ 65 ಅಡಿ ಅನ್ನುತ್ತಾರೆ. ಅದನ್ನು ಹೇಳುವ ಬದಲು ಅಳೆಸಿ. ಚೌಕ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನ. ಒಂದು ಗಿಡ್ಡ ಬದಿ ನೆಲಕ್ಕೆ ಸಮವಾಗಿರಲಿ, ಉದ್ದ ಬದಿಯ ಗುಂಟ ಮೇಲಕ್ಕೆ ಕಣ್ಣಿಡಿ. ತುದಿ ಸರಿಯಾಗಿ ಕಾಣುವವರೆಗೆ ಹಿಂದೆ ಸರಿಯಿರಿ. ನಿಂತ ಜಾಗದಿಂದ ಬುಡದವರೆಗಿನ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಅದೇ ಮಿನಾರಿನ ಎತ್ತರ. ನಮ್ಮ ಗುಂಪುಗಳ ಉತ್ತರ 58ರಿಂದ 72ರವರೆಗೆ ಬಂದಿವೆ. ಕಾಗದದ ತುಂಡಿಗೆ ಅದು ಕೆಟ್ಟ ಲೆಕ್ಕವೇನಲ್ಲ. ಹಿಂದೆ ಸರಿಯುವವರ ಹಿಂದೆ ಒಬ್ಬರು ಕಾವಲಿರಲಿ, ರಸ್ತೆಯಲ್ಲಿ ಬೈಕ್ ಬರುತ್ತಿರುತ್ತವೆ.

ಈ ಮಸೀದಿ 1513ರದ್ದು, ಬಹಮನಿ ಮಹಮೂದ್ ಷಾನ ಕಾಲ. ಗೋಡೆಯಿಂದ ಕಲ್ಲು ಕೀಳುವ ಏಳು ವರ್ಷ ಮೊದಲು. ಆ ಯುದ್ಧವನ್ನು ಈ ಮಿನಾರು ನೋಡಿದೆ ಅಂತ ಯಾರಾದರೂ ತಾವೇ ಲೆಕ್ಕ ಹಾಕುತ್ತಾರೆ. ಹಾಕದಿದ್ದರೆ ಕಾಯಿರಿ.

ಸುರಂಗದ ಪ್ರಶ್ನೆ

ಬಂದೇ ಬರುತ್ತದೆ. "ಇಲ್ಲಿಂದ ಸುರಂಗ ಐತಂತಲ್ರಿ?" ನಮ್ಮ ಕಡೆ ಸುರಂಗ ಇಲ್ಲದ ಕೋಟೆಯೇ ಇಲ್ಲ, ಜನರ ಬಾಯಲ್ಲಿ. ನಗಬೇಡಿ, ಹೌದೂ ಅನ್ನಬೇಡಿ. ನಾನು ಎರಡು ಕೈ ಇಟ್ಟುಕೊಂಡಿದ್ದೇನೆ. ಶಾಸನದಲ್ಲಿ, ಬರಹದಲ್ಲಿ ಇರುವುದನ್ನು ಹೇಳುವಾಗ ಬಲಗೈ ಎತ್ತುತ್ತೇನೆ. ಜನ ಹೇಳುವುದನ್ನು ಹೇಳುವಾಗ ಎಡಗೈ. ಶುರುವಿನಲ್ಲೇ ಇದನ್ನು ತಿಳಿಸಿಬಿಡುತ್ತೇನೆ. ಸುರಂಗ ಎಡಗೈ. ಮಕ್ಕಳಿಗೆ ಇದು ಎಷ್ಟು ಹಿಡಿಸುತ್ತದೆ ಅಂದರೆ, ನಾನು ಕೈ ಎತ್ತಲು ಮರೆತರೆ "ಯಾವ ಕೈ ಅಜ್ಜಾ?" ಅಂತ ಕೂಗುತ್ತಾರೆ. ಗೊತ್ತಿಲ್ಲದ್ದನ್ನು ಕೇಳಿದರೆ ಎರಡೂ ಕೈ ಜೇಬಿಗೆ ಹಾಕುತ್ತೇನೆ.

ದುಡ್ಡಿನ ಮಾತು ಚಿಕ್ಕದು. ಎಷ್ಟು ಅಂತ ಮೊದಲೇ ಹೇಳಿ, ನಾಷ್ಟಾ ಅದರಲ್ಲೇ ಸೇರಿಸಿ. ಕೊನೆಗೆ ಟೋಪಿ ಹಿಡಿದು ನಿಲ್ಲುವುದು ಎಲ್ಲರಿಗೂ ಮುಜುಗರ. ಸಂರಕ್ಷಿತ ಸ್ಮಾರಕದ ಒಳಗೆ ದುಡ್ಡು ತೆಗೆದುಕೊಂಡು ಗೈಡ್ ಕೆಲಸ ಮಾಡುವುದಾದರೆ, ಲೈಸೆನ್ಸ್ ಬೇಕೇ ಅಂತ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ನಡಿಗೆ ಮುಗಿಯುವ ಜಾಗವನ್ನು ಮೂಗು ನಿರ್ಧರಿಸಲಿ. ಎಣ್ಣೆಯಲ್ಲಿ ಮಿರ್ಚಿ ಬಿಡುವ ವಾಸನೆ ಬರುವ ಕಡೆ ಮುಗಿಸಿದರೆ ಧನ್ಯವಾದ ಸಮರ್ಪಣೆ ಬೇಕಾಗುವುದಿಲ್ಲ. ತಟ್ಟೆಯಲ್ಲಿ ಒಗ್ಗರಣಿ ಬಿದ್ದ ಮೇಲೆಯೇ ನಿಜವಾದ ಪ್ರಶ್ನೆಗಳು ಬರುತ್ತವೆ. ಆ ಅರ್ಧ ತಾಸು ಎದ್ದು ಹೋಗಬೇಡಿ. ಮುಂದಿನ ನಡಿಗೆಗೆ ಏನು ಬದಲಿಸಬೇಕು ಅನ್ನುವುದು ಅಲ್ಲೇ ಸಿಗುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ಶಾಲೆ ಮಕ್ಕಳಿಗೆ ಅಂತ ಬೇರೆ ಎಳೆ ಹಿಡಿದೆ. ಎಣಿಕೆಯ ನಡಿಗೆ. ಏಕ್ ಮಿನಾರ್, ತೀನ್ ಕಂದೀಲ್, ನವರಂಗ್ ದರ್ವಾಜಾ. ಒಂದು, ಮೂರು, ಒಂಬತ್ತು. ಪ್ರತಿ ಜಾಗದಲ್ಲೂ ಹೆಸರಿನ ಲೆಕ್ಕ ಕಣ್ಣಿಗೆ ಕಾಣುತ್ತದೆಯೇ ಅಂತ ಹುಡುಕುವುದು ಆಟ. ಮಿನಾರು ಒಂದೇ, ಸರಿ. ಕಂದೀಲು ಎಲ್ಲಿ ಅಂತ ಮಾರ್ಕೆಟ್ ಚೌಕದಲ್ಲಿ ತಲೆ ಎತ್ತಿ ಸುತ್ತಿದರು. ಒಂಬತ್ತು ಬಣ್ಣ ಹುಡುಕಲು ಬಾಗಿಲ ಮುಂದೆ ಹತ್ತು ನಿಮಿಷ ಕೂತರು, ಅಷ್ಟರಲ್ಲಿ ಅಲ್ಲಿನ ಕೆತ್ತನೆಗಳನ್ನೆಲ್ಲ ನೋಡಿಬಿಟ್ಟರು. ಮಿರ್ಚಿ ತಿನ್ನುವಾಗ ಆರನೇ ತರಗತಿಯ ಒಬ್ಬ ಹುಡುಗಿ ನನ್ನ ಅಂಗಿ ಎಳೆದಳು.

"ಅಜ್ಜಾ, ಮೂರರಿಂದ ಗುಣಿಸ್ಕೋತ ಹೋಗ್ಯಾರ ನೋಡ್ರಿ. ಇಪ್ಪತ್ತೇಳು ಎಲ್ಲೈತಿ?"

ಎರಡೂ ಕೈ ಜೇಬಿಗೆ ಹಾಕಿದೆ. ಅವತ್ತಿನಿಂದ ಬೆಳಗಿನ ವಾಕಿಂಗ್‌ನಲ್ಲಿ ಮೆಟ್ಟಿಲು, ಕಮಾನು, ಕಂಬ ಎಲ್ಲ ಎಣಿಸುತ್ತಿದ್ದೇನೆ. ಇಪ್ಪತ್ತಾರರವರೆಗೆ ಒಂದು ಸಿಕ್ಕಿದೆ.